ರಾಜಿಯಾದ ಮೇಲೆ ಅಪ್ಪ ತೀರಿಕೊಂಡರು: ಪರಿಹಾರದ ದುಡ್ಡಿನಲ್ಲಿ ಮಕ್ಕಳ ಪಾಲೆಷ್ಟು?

ಪ್ರಶ್ನೆ: ನಮ್ಮದು ಸಿದ್ದಾಪುರದ ಹತ್ತಿರ. ಅಪ್ಪ ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವರು) ಆಗಿದ್ದರು. 2023ರ ಮಳೆಗಾಲದಲ್ಲಿ ಸುಂಟಿಕೊಪ್ಪದ ಹತ್ತಿರ ಅವರ ಬೈಕಿಗೆ ಲಾರಿ ಗುದ್ದಿ ಕಾಲು ಮುರಿಯಿತು. ಮಡಿಕೇರಿಯಲ್ಲಿ ಎಂವಿಸಿ ಕೇಸು (ವಾಹನ ಅಪಘಾತದ ಪರಿಹಾರದ ಕೇಸು) ಹಾಕಿದ್ದರು. ಸೆಪ್ಟೆಂಬರಿನ ಲೋಕ ಅದಾಲತ್‌ನಲ್ಲಿ 16 ಲಕ್ಷಕ್ಕೆ ರಾಜಿಯಾಯಿತು. ದುಡ್ಡು ಬರುವ ಮುಂಚೆಯೇ, ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದ ವಾರ, ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ನನ್ನ ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋದರು. ಆಮೇಲೆ ಅಪ್ಪ ಎರಡನೇ ಮದುವೆಯಾದರು. ಅವರನ್ನು ನಾನು ಚಿಕ್ಕಮ್ಮ ಅನ್ನುತ್ತೇನೆ. ಅವರಿಗೆ ಅಪ್ಪನಿಂದ ಹುಟ್ಟಿದ ಮಗನಿಗೆ ಈಗ 15 ವರ್ಷ. ಅವರ ಮೊದಲ ಮದುವೆಯ ಮಗಳೂ ನಮ್ಮ ಮನೆಯಲ್ಲೇ ಬೆಳೆದಳು. ಅಪ್ಪನ ತಾಯಿ, ನನ್ನ ಅಜ್ಜಿ, ಇದ್ದಾರೆ. ನನಗೆ ಪಿರಿಯಾಪಟ್ಟಣಕ್ಕೆ ಮದುವೆಯಾಗಿದೆ. ಅಪ್ಪನ ಬ್ಯಾಂಕ್ ಖಾತೆಗೆ ಅವರ ತಮ್ಮ, ನನ್ನ ಚಿಕ್ಕಪ್ಪ, ನಾಮಿನಿ. "ಮದುವೆಯಾಗಿ ಹೋದವಳಿಗೆ ಮನೆತನದ ದುಡ್ಡಿನಲ್ಲಿ ಪಾಲಿಲ್ಲ, ಸುಮ್ನೆ ಬಿಡುಗಡೆ ಪತ್ರಕ್ಕೆ ಸಹಿ ಹಾಕು" ಎಂದು ಅವರು ಹೇಳುತ್ತಿದ್ದಾರೆ. ಅಪ್ಪನ ಹೆಸರಲ್ಲಿ ಸಹಕಾರ ಸಂಘದ ಸಾಲವೂ ಇದೆ. ನನಗೂ ತಮ್ಮನಿಗೂ ಹಕ್ಕಿದೆಯಾ? ಚಿಕ್ಕಮ್ಮನಿಗೆ ಯಾಕೆ ಕೊಡಬೇಕು?

ಉತ್ತರ: ಮೊದಲು ಒಂದು ಮಾತು. ಬಿಡುಗಡೆ ಪತ್ರಕ್ಕೆ, ಅಂದರೆ ನಿಮ್ಮ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ, ಸಹಿ ಹಾಕಬೇಡಿ. ಇವತ್ತೂ ಬೇಡ, ಅಪ್ಪನ ತಿಥಿ ದಿನ ಎಲ್ಲರೂ ಸೇರಿದಾಗ ಮುಂದೆ ಹಿಡಿದರೂ ಬೇಡ. ಖಾಲಿ ಹಾಳೆಗಂತೂ ಬೇಡವೇ ಬೇಡ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಎರಡು ತಾರೀಕು: ರಾಜಿಯಾದ ತಾರೀಕು, ಅಪ್ಪ ತೀರಿಕೊಂಡ ತಾರೀಕು. ರಾಜಿ ಮೊದಲು, ಸಾವು ಆಮೇಲೆ. ನಿಮ್ಮ ಹಕ್ಕು ನಿಂತಿರುವುದು ಇದರ ಮೇಲೆಯೇ. ಅಪಘಾತದ ದುಡ್ಡು ಅಂದರೆ ಎಲ್ಲವೂ ಒಂದೇ ಅಂತ ಜನ ತಿಳಿದುಕೊಂಡಿರುತ್ತಾರೆ. ಕಾನೂನಿನಲ್ಲಿ ಹಾಗಿಲ್ಲ.

ಲೋಕ ಅದಾಲತ್‌ನಲ್ಲಿ ಎರಡೂ ಕಡೆಯವರು ಒಪ್ಪಿ ಸಹಿ ಹಾಕಿ ಅವಾರ್ಡ್ (ರಾಜಿಯ ಆದೇಶ) ಆಯಿತು ಅಂದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಂ ಪ್ರಕಾರ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಆ ದಿನದಿಂದ ಇನ್ಶೂರೆನ್ಸ್ ಕಂಪನಿ ನಿಮ್ಮ ಅಪ್ಪನಿಗೆ 16 ಲಕ್ಷ ಕೊಡಬೇಕಾದ ಸಾಲಗಾರ. ಅಪ್ಪ ಯಾರಿಗೋ ಕಾಫಿ ಮಾರಿ, ಆ ದುಡ್ಡು ಕೈಗೆ ಬರುವ ಮುಂಚೆ ತೀರಿಕೊಂಡಿದ್ದರೆ ಏನಾಗುತ್ತಿತ್ತು? ಕಾಫಿ ತಗೊಂಡವನು "ಮಾರಿದವರು ಇಲ್ಲ, ನಾನು ಕೊಡಲ್ಲ" ಅನ್ನಲು ಆಗುತ್ತಿರಲಿಲ್ಲ, ಅಲ್ವಾ? ಇದೂ ಹಾಗೆಯೇ. ದುಡ್ಡು ಕೈಗೆ ಬರದಿದ್ದರೂ ಅದು ಅಪ್ಪನ ಆಸ್ತಿ ಆಗಿಹೋಗಿದೆ. ಅಪ್ಪನ ಆಸ್ತಿ ಅವರ ವಾರಸುದಾರರಿಗೆ ಹೋಗುತ್ತದೆ. ಅವರು ಅಪಘಾತದಿಂದ ಸತ್ತರೋ ಹೃದಯಾಘಾತದಿಂದ ಸತ್ತರೋ ಅನ್ನುವ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ. ಕಂಪನಿಯವರು ಯಾರಾದರೂ ಹಾಗೆ ಹೇಳಿದರೆ ಹೆದರಬೇಡಿ.

ಇನ್ನು ವಾರಸುದಾರರು ಯಾರು ಅಂತ ನೋಡೋಣ. ನೀವು ಹಿಂದೂಗಳು ಎಂದುಕೊಂಡು ಹೇಳುತ್ತಿದ್ದೇನೆ. ಅಪ್ಪ ವಿಲ್ ಬರೆದಿಟ್ಟಿಲ್ಲ ಎಂದೂ ಇಟ್ಟುಕೊಂಡಿದ್ದೇನೆ. ಬರೆದಿದ್ದರೆ ವಿಲ್ ಪ್ರಕಾರವೇ ಹಂಚಿಕೆ, ಯಾಕೆಂದರೆ ಇದು ಅವರ ಸ್ವಂತ ದುಡ್ಡು. ಚಿಕ್ಕಪ್ಪ ನಾಳೆ ಒಂದು ವಿಲ್ ತೋರಿಸಿದರೆ ಅಸಲು ಕೇಳಿ, ಇಬ್ಬರು ಸಾಕ್ಷಿಗಳು ಯಾರು ನೋಡಿ.

ವಿಲ್ ಇಲ್ಲದಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುತ್ತದೆ. ಗಂಡಸು ತೀರಿಕೊಂಡಾಗ ಮೊದಲ ವರ್ಗದ ವಾರಸುದಾರರು ಹೆಂಡತಿ, ಮಕ್ಕಳು ಮತ್ತು ತಾಯಿ. ಎಲ್ಲರಿಗೂ ಸಮ ಪಾಲು. ಮಗ, ಮಗಳು ಅನ್ನುವ ಭೇದವಿಲ್ಲ. ಮಗಳಿಗೆ ಮದುವೆಯಾಗಿದೆಯಾ, ಯಾವ ಜಿಲ್ಲೆಗೆ ಕೊಟ್ಟಿದ್ದಾರೆ ಎಂದು ಕಾಯ್ದೆ ಕೇಳುವುದೇ ಇಲ್ಲ. ನಿಮ್ಮ ಮನೆಯಲ್ಲಿ ನೀವು, ತಮ್ಮ, ಚಿಕ್ಕಮ್ಮ, ಅಜ್ಜಿ, ಹೀಗೆ ನಾಲ್ಕು ಜನ. ತಲಾ ಕಾಲು ಪಾಲು. ಚಿಕ್ಕಪ್ಪ ಎರಡನೇ ವರ್ಗದಲ್ಲಿ ಬರುತ್ತಾರೆ. ಮೊದಲ ವರ್ಗದಲ್ಲಿ ಒಬ್ಬರಿದ್ದರೂ ಅವರಿಗೆ ಏನೂ ಇಲ್ಲ.

ಚಿಕ್ಕಮ್ಮನಿಗೆ ಯಾಕೆ ಎಂದು ಕೇಳಿದ್ದೀರಿ. ಅಮ್ಮನ ಜಾಗದಲ್ಲಿ ಇನ್ನೊಬ್ಬರನ್ನು ನೋಡುವ ನೋವು ನನಗೆ ಅರ್ಥವಾಗುತ್ತದೆ. ಆದರೂ ನೇರವಾಗಿ ಹೇಳುತ್ತೇನೆ. ನಿಮ್ಮ ಅಮ್ಮ ತೀರಿಕೊಂಡ ಮೇಲೆ ಆದ ಮದುವೆ ಇದು, ಹಾಗಾಗಿ ಸರಿಯಾದ ಮದುವೆ. ಅವರು ಅಪ್ಪನ ವಿಧವೆ, ಅವರ ಕಾಲು ಪಾಲು ಅವರದ್ದೇ. ಅದನ್ನು ಪ್ರಶ್ನಿಸಿ ಕೇಸು ಎಳೆದರೆ ನಿಮ್ಮ ಪಾಲೂ ವರ್ಷಗಟ್ಟಲೆ ಕೋರ್ಟಿನಲ್ಲೇ ಕೂರುತ್ತದೆ. ಎರಡು ವರ್ಷ ಮುರಿದ ಕಾಲಿನ ಗಂಡನನ್ನು ಯಾರು ನೋಡಿಕೊಂಡರು ಎಂದೂ ಒಮ್ಮೆ ಯೋಚಿಸಿ. ಈ ವಿಷಯದಲ್ಲಿ ಅವರು ನಿಮ್ಮ ಎದುರಾಳಿ ಅಲ್ಲ. ನೀವಿಬ್ಬರೂ ಒಟ್ಟಿಗೆ ಒಬ್ಬರೇ ವಕೀಲರ ಹತ್ತಿರ ಹೋದರೆ ಅರ್ಧ ಕೆಲಸ ಮುಗಿದ ಹಾಗೆ.

ಪ್ರಶ್ನೆ ಕೇಳುವ ಬೇರೆಯವರಿಗಾಗಿ ಒಂದು ಮಾತು. ಮೊದಲ ಹೆಂಡತಿ ಬದುಕಿರುವಾಗ, ವಿಚ್ಛೇದನವಾಗದೆ ಎರಡನೇ ಮದುವೆ ಆಗಿದ್ದರೆ ಆ ಎರಡನೆಯವರಿಗೆ ಪಾಲು ಸಿಗುವುದಿಲ್ಲ. ಆದರೆ ಅವರ ಮಕ್ಕಳಿಗೆ ಸಿಗುತ್ತದೆ. ಹಿಂದೂ ವಿವಾಹ ಕಾಯ್ದೆಯ 16ನೇ ಕಲಂ ಆ ಮಕ್ಕಳನ್ನು ಕಾಪಾಡುತ್ತದೆ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಸ್ಪಷ್ಟ ಮಾಡಿತು. ಅಪ್ಪ ಅಮ್ಮ ಮಾಡಿದ್ದಕ್ಕೆ ಮಕ್ಕಳು ದಂಡ ಕಟ್ಟಬಾರದು. ನನಗೆ ತುಂಬಾ ಸರಿ ಎನಿಸಿದ ತೀರ್ಪು ಅದು.

ಚಿಕ್ಕಮ್ಮನ ಮೊದಲ ಮದುವೆಯ ಮಗಳ ವಿಷಯ ಹೇಳುವಾಗ ಮನಸ್ಸಿಗೆ ಕಷ್ಟವಾಗುತ್ತದೆ. ಒಂದೇ ಮನೆಯಲ್ಲಿ ಬೆಳೆದಿದ್ದಾಳೆ, ಅಪ್ಪ ಎಂದೇ ಕರೆದಿರಬಹುದು. ಆದರೆ ಕಾನೂನಿನಂತೆ ದತ್ತು ತೆಗೆದುಕೊಂಡಿಲ್ಲದಿದ್ದರೆ ಅವಳು ನಿಮ್ಮ ಅಪ್ಪನ ವಾರಸುದಾರಳಲ್ಲ. ಅವಳಿಗೆ ಏನಾದರೂ ಕೊಡಬೇಕು ಅನಿಸಿದರೆ ನೀವು ನಾಲ್ವರಲ್ಲಿ ದೊಡ್ಡವರು ನಿಮ್ಮ ನಿಮ್ಮ ಪಾಲಿನಿಂದ ಕೊಡಬಹುದು. ತಮ್ಮನ ಪಾಲಿಗೆ ಮಾತ್ರ ಕೈ ಹಾಕುವ ಹಾಗಿಲ್ಲ.

ಈಗ ಚಿಕ್ಕಪ್ಪನ ಮಾತು. "ಮನೆತನದ ದುಡ್ಡು" ಎನ್ನುವ ಮಾತು ಕೊಡಗಿನಲ್ಲಿ ಸುಮ್ನೆ ಹುಟ್ಟಿದ್ದಲ್ಲ. ಜಮ್ಮಾ ಜಾಗ (ತಲೆಮಾರಿನಿಂದ ಬಂದ ಕುಟುಂಬದ ಜಮೀನು), ಐನ್‌ಮನೆ (ಕುಟುಂಬದ ಮೂಲ ಮನೆ), ಒಟ್ಟು ಕುಟುಂಬದ ಹೆಸರಿನಲ್ಲಿರುವ ದಾಖಲೆ, ಇವೆಲ್ಲ ನಮ್ಮ ಬದುಕಿನಲ್ಲಿ ನಿಜವಾಗಿ ಇರುವಂಥವು. ಜಾಗದ ವಿಷಯದಲ್ಲಿ ಯಾರಿಗೆ ಎಷ್ಟು ಎಂದು ನೋಡಲು ಹಳೆಯ ದಾಖಲೆ ತೆಗೆಯಬೇಕಾಗುತ್ತದೆ. ರಸ್ತೆಗೆ ಜಮ್ಮಾ ಜಾಗ ಹೋಗಿ ಸರ್ಕಾರ ಪರಿಹಾರ ಕೊಟ್ಟಿದ್ದರೆ ಕುಟುಂಬದವರೆಲ್ಲ ಕೂತು ಮಾತಾಡಲೇಬೇಕಿತ್ತು. ಆದರೆ ಇಲ್ಲಿ ಮುರಿದದ್ದು ನಿಮ್ಮ ಅಪ್ಪನ ಕಾಲು. ಹೋದದ್ದು ಅವರ ಸಂಬಳ, ಅವರ ದುಡಿಮೆ. ಅದಕ್ಕೆ ಬಂದ ದುಡ್ಡು ಅವರೊಬ್ಬರದ್ದು. ಅದನ್ನು ಐನ್‌ಮನೆ ಲೆಕ್ಕಕ್ಕೆ ಸೇರಿಸಲು ಯಾವ ಪದ್ಧತಿಯಲ್ಲೂ ಜಾಗವಿಲ್ಲ. ಮದುವೆಯಾದ ಮಗಳು ಹೊರಗಿನವಳು ಎಂಬ ವಾದವೂ ಈಗ ನಿಲ್ಲುವುದಿಲ್ಲ. 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲೇ ಮಗಳು ಮಗನಿಗೆ ಸಮ. ಅಂದ ಮೇಲೆ ಅಪ್ಪನ ಸ್ವಂತ ದುಡ್ಡಿನ ಬಗ್ಗೆ ಕೇಳಬೇಕೇ?

ನಾಮಿನಿ ವಿಷಯಕ್ಕೆ ಬರೋಣ. ನನಗೆ ಜಾಸ್ತಿ ಆತಂಕ ಇರುವುದು ಇಲ್ಲಿ. ನಾಮಿನಿ ಅಂದರೆ ಮಾಲೀಕ ಅಲ್ಲ. ಬ್ಯಾಂಕಿನಿಂದ ದುಡ್ಡು ತೆಗೆದು ವಾರಸುದಾರರಿಗೆ ಮುಟ್ಟಿಸಬೇಕಾದವನು, ಅಷ್ಟೇ. ಸುಪ್ರೀಂ ಕೋರ್ಟ್ ಇನ್ಶೂರೆನ್ಸ್ ನಾಮಿನಿ ಬಗ್ಗೆ 1983ರಲ್ಲಿ ಸರ್ಬತಿ ದೇವಿ ಪ್ರಕರಣದಲ್ಲಿ ಇದನ್ನೇ ಹೇಳಿತು. ಷೇರುಗಳ ನಾಮಿನಿ ಬಗ್ಗೆ 2023ರ ಡಿಸೆಂಬರಿನಲ್ಲಿ ಮತ್ತೆ ಹೇಳಿತು. (ಜೀವವಿಮೆಗೆ ಮಾತ್ರ 2015ರ ತಿದ್ದುಪಡಿಯಾದ ಮೇಲೆ ಹೆಂಡತಿ, ಗಂಡ, ಮಕ್ಕಳು, ತಂದೆತಾಯಿ ನಾಮಿನಿ ಆಗಿದ್ದರೆ ದುಡ್ಡು ಅವರದ್ದೇ. ತಮ್ಮ ಆ ಪಟ್ಟಿಯಲ್ಲಿ ಇಲ್ಲ.)

ಆದರೆ ಒಂದು ತೊಡಕಿದೆ. ನಾಮಿನಿ ಕೇಳಿದರೆ ಬ್ಯಾಂಕು ಕೊಟ್ಟುಬಿಡಬಹುದು. ಕೊಟ್ಟರೆ ಬ್ಯಾಂಕಿನ ಜವಾಬ್ದಾರಿ ಮುಗಿಯಿತು. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯಲ್ಲೇ ಹಾಗಿದೆ. ನೀವು ಮ್ಯಾನೇಜರಿಗೆ "ಕೊಡಬೇಡಿ" ಎಂದು ಪತ್ರ ಬರೆದರೆ ಆ ಪತ್ರಕ್ಕೆ ಅವರು ಬದ್ಧರಲ್ಲ. ಕೋರ್ಟಿನ ಆದೇಶ ತಂದರೆ ಮಾತ್ರ ಬದ್ಧರು. ಜನ ಪತ್ರ ಕೊಟ್ಟು, ಸೀಲು ಹಾಕಿಸಿಕೊಂಡು, ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಎರಡು ವಾರ ಬಿಟ್ಟು ನೋಡಿದರೆ ಖಾತೆ ಖಾಲಿ. ಆಮೇಲೆ ಚಿಕ್ಕಪ್ಪನ ಮೇಲೆ ದಾವೆ ಹಾಕಿ ವಸೂಲಿ ಮಾಡಬಹುದು, ನಿಜ. ಆದರೆ ಖರ್ಚಾದ ದುಡ್ಡನ್ನು ಹಿಂದೆ ತರುವ ಕಷ್ಟ ನಿಮಗೆ ಬೇಡ.

ಆದ್ದರಿಂದ ಈ ವಾರವೇ ತಿಳಿದುಕೊಳ್ಳಬೇಕಾದ್ದು ಒಂದೇ: ಕಂಪನಿ ದುಡ್ಡು ಕಟ್ಟಿದೆಯಾ, ಕಟ್ಟಿದ್ದರೆ ಎಲ್ಲಿಗೆ? ನ್ಯಾಯಮಂಡಳಿಯಲ್ಲಿ, ಅಂದರೆ ಅಪಘಾತದ ಕೇಸು ನಡೆಸುವ ಕೋರ್ಟಿನಲ್ಲಿ, ಠೇವಣಿ ಇಟ್ಟಿದ್ದರೆ ದುಡ್ಡು ಭದ್ರ. ಎಂವಿಸಿ ನಂಬರು ಹಿಡಿದು ಮಡಿಕೇರಿ ಕೋರ್ಟಿನ ಕಚೇರಿಯಲ್ಲಿ ಕೇಳಿದರೆ ಗೊತ್ತಾಗುತ್ತದೆ. ಅಪ್ಪನ ಖಾತೆಗೇ ನೇರವಾಗಿ ಹೋಗಿದ್ದರೆ ತಡ ಮಾಡದೆ ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ತನ್ನಿ. ಇನ್ನೂ ಕಟ್ಟಿಲ್ಲದಿದ್ದರೆ ಇನ್ನೂ ಒಳ್ಳೆಯದು. ಕಂಪನಿಗೆ ಮರಣ ಪ್ರಮಾಣಪತ್ರದ ನಕಲಿನ ಜೊತೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಹಾಕಿ. ಹಕ್ಕುದಾರರು ತೀರಿಕೊಂಡಿದ್ದಾರೆ, ದುಡ್ಡನ್ನು ನ್ಯಾಯಮಂಡಳಿಯಲ್ಲೇ ಕಟ್ಟಿ ಎಂದು ಬರೆಯಿರಿ.

"ಅಪ್ಪನ ವಕೀಲರು ಇದ್ದಾರಲ್ಲ, ಅವರೇ ನೋಡಿಕೊಳ್ಳುತ್ತಾರೆ" ಎಂದು ಯಾರಾದರೂ ಹೇಳಬಹುದು. ಅಪ್ಪ ಕೊಟ್ಟ ವಕಾಲತ್ತು (ಕೇಸು ನಡೆಸಲು ವಕೀಲರಿಗೆ ಕೊಡುವ ಅಧಿಕಾರಪತ್ರ) ಅಪ್ಪನ ಜೊತೆಗೇ ಮುಗಿಯಿತು. ಅದೇ ವಕೀಲರು ಬೇಕೆಂದರೂ ವಾರಸುದಾರರೆಲ್ಲ ಹೊಸದಾಗಿ ವಕಾಲತ್ತು ಕೊಡಬೇಕು. ಆಮೇಲೆ ನಿಮ್ಮ ಹೆಸರುಗಳನ್ನು ಸೇರಿಸಲು, ಕಂಪನಿ ಕಟ್ಟದಿದ್ದರೆ ಅಮಲ್ಜಾರಿಗೆ, ಅಂದರೆ ಕೋರ್ಟಿನ ಮೂಲಕ ವಸೂಲಿಗೆ, ಅರ್ಜಿ ಹಾಕುತ್ತಾರೆ. ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ ಎಂದು ಕೇಳಿದರೆ ಗಾಬರಿಯಾಗಬೇಡಿ. ತೀರಿಕೊಂಡವರಿಗೆ ಬರಬೇಕಾದ ಸಾಲವನ್ನು ವಾರಸುದಾರರು ವಸೂಲಿ ಮಾಡಲು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಇರುವ ದಾರಿ ಅದು. ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷ ಅದಕ್ಕೆ ಬದಲಿ ಅಲ್ಲ, ಆದರೆ ಎಲ್ಲದಕ್ಕೂ ಮೊದಲು ಬೇಕಾಗುವುದು ಅದೇ. ಅದರಲ್ಲಿ ನಿಮ್ಮ ಹೆಸರು ಇದೆಯಾ ಎಂದು ನೀವೇ ಕಣ್ಣಾರೆ ನೋಡಿ. ಮದುವೆಯಾದ ಹೆಣ್ಣುಮಕ್ಕಳ ಹೆಸರು ಬಿಟ್ಟ ವಂಶವೃಕ್ಷಗಳನ್ನು ನಾನು ಎಷ್ಟೋ ನೋಡಿದ್ದೇನೆ.

ತಮ್ಮನ ಪಾಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಅವನಿಗೆ 15. ಅವನ ಪರವಾಗಿ ತಾಯಿ ಅರ್ಜಿ ಹಾಕಬಹುದು. ಚಿಕ್ಕಪ್ಪ ಹುಡುಗನ ಪಾಲಿನ ಮೇಲೆ ಯಾವ ವ್ಯವಹಾರವನ್ನೂ ಮಾಡುವ ಹಾಗಿಲ್ಲ. ತಾಯಿಯೂ ಕೋರ್ಟಿನ ಅನುಮತಿ ಇಲ್ಲದೆ ಅವನ ಪಾಲನ್ನು ರಾಜಿಯಲ್ಲಿ ಬಿಟ್ಟುಕೊಡುವ ಹಾಗಿಲ್ಲ. ಬಿಟ್ಟುಕೊಟ್ಟರೂ ಹುಡುಗ ದೊಡ್ಡವನಾಗಿ ಅದನ್ನು ರದ್ದು ಮಾಡಿಸಬಹುದು. ಸಾಮಾನ್ಯವಾಗಿ ಮಕ್ಕಳ ಪಾಲನ್ನು 18 ತುಂಬುವವರೆಗೆ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತಾರೆ. ಪಿಯುಸಿ, ಹಾಸ್ಟೆಲ್ ಫೀಸಿಗೆ ಬೇಕೆಂದರೆ ಅರ್ಜಿ ಹಾಕಿ ಬಡ್ಡಿಯನ್ನು ಬಿಡಿಸಿಕೊಳ್ಳಬಹುದು.

ನಾನು ಹೊಸದಾಗಿ ವಕೀಲಿಕೆ ಶುರು ಮಾಡಿದಾಗ ತೋಟದ ಕೆಲಸಗಾರರ ಲೈನ್‌ಮನೆಯಲ್ಲಿ ಬೆಳೆದ ಒಬ್ಬ ಹುಡುಗ ಬಂದಿದ್ದ. ವಯಸ್ಸು 20. ಅಪ್ಪನ ಪರಿಹಾರದ ದುಡ್ಡು ಹತ್ತು ವರ್ಷದ ಹಿಂದೆಯೇ ಬಂದು, ಹತ್ತಿರದ ನೆಂಟರೊಬ್ಬರ ಕೈ ಸೇರಿ, ಖರ್ಚಾಗಿತ್ತು. ಅವನಿಗೆ ಗೊತ್ತಾದದ್ದು ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕ ಒಂದು ಕಾಗದದಿಂದ. ಅವಧಿ ಮುಗಿದಿದೆ ಎಂದು ಎಲ್ಲರೂ ಹೇಳಿ ಕಳಿಸಿದ್ದರು. ಆದರೆ ಕಾಲಮಿತಿ ಕಾಯ್ದೆಯ 6ನೇ ಕಲಂ ಅಪ್ರಾಪ್ತರಿಗೆ ಬೇರೆ ಲೆಕ್ಕ ಇಡುತ್ತದೆ. ಇಂಥ ದುಡ್ಡಿನ ದಾವೆಗೆ 18 ತುಂಬಿದ ಮೇಲೆ ಮೂರು ವರ್ಷದ ಸಮಯ ಸಿಗುತ್ತದೆ. ದಾವೆ ಹಾಕಿದೆವು, ಸ್ವಲ್ಪ ಬಂತು, ಪೂರ್ತಿ ಬರಲಿಲ್ಲ. ಅವನು ಓದು ಬಿಟ್ಟು ಆಗಲೇ ಐದು ವರ್ಷವಾಗಿತ್ತು. ನಿಮ್ಮ ಪತ್ರ ಓದುವಾಗ ಅವನ ಮುಖವೇ ಕಣ್ಣ ಮುಂದೆ ಬಂತು.

ಸಾಲದ ಬಗ್ಗೆ. ಈ 16 ಲಕ್ಷ ಅಪ್ಪನ ಆಸ್ತಿ ಆದ್ದರಿಂದ ಅಪ್ಪನ ಸಾಲವೂ ಇದರ ಬೆನ್ನಿಗೆ ಬರುತ್ತದೆ. ಸಂಘದ ಸಾಲ 1,60,000 ಇದೆ ಎಂದುಕೊಳ್ಳಿ. ಆಸ್ಪತ್ರೆಗೆ 80,000 ಸಾಲ ಕೊಟ್ಟಿದ್ದೇನೆ ಎಂದು ಚಿಕ್ಕಪ್ಪ ಹೇಳಿ, ಅದಕ್ಕೆ ದಾಖಲೆ ತೋರಿಸಿದರೆ ಅದನ್ನೂ ಕೊಡಬೇಕು. ಅದು ಅವರ ನ್ಯಾಯವಾದ ದುಡ್ಡು. ಉಳಿಯುವುದು 13,60,000. ನಾಲ್ಕು ಪಾಲು ಮಾಡಿದರೆ ತಲಾ 3,40,000. ಸಾಲ ಆಸ್ತಿಗಿಂತ ಜಾಸ್ತಿ ಇದ್ದರೆ? ನಿಮ್ಮ ಕೈಗೆ ಅಪ್ಪನಿಂದ ಬಂದಷ್ಟಕ್ಕೆ ಮಾತ್ರ ನೀವು ಹೊಣೆ. ನೀವೇ ಜಾಮೀನು ಹಾಕಿಲ್ಲದಿದ್ದರೆ ನಿಮ್ಮ ಸ್ವಂತ ದುಡಿಮೆಯಿಂದ ಕಟ್ಟಬೇಕಾಗಿಲ್ಲ.

ಇಲ್ಲಿಯವರೆಗೆ ಹೇಳಿದ್ದು ರಾಜಿ ಮೊದಲು, ಸಾವು ಆಮೇಲೆ ಆದವರಿಗೆ. ಇದೇ ಕೊಡಗಿನಲ್ಲಿ ಬೇರೆ ಮನೆಗಳಲ್ಲಿ ಬೇರೆ ಥರ ಆಗಿರುತ್ತದೆ. ಅವರಿಗೂ ಹೇಳಬೇಕು.

ಕೇಸು ನಡೆಯುತ್ತಿರುವಾಗಲೇ ಗಾಯಾಳು ಬೇರೆ ಕಾರಣಕ್ಕೆ ತೀರಿಕೊಂಡರೆ, ಹಿಂದೆ ದೊಡ್ಡ ಗೊಂದಲವಿತ್ತು. ಮೈಗಾದ ಗಾಯದ ಹಕ್ಕು ಆ ಮನುಷ್ಯನ ಜೊತೆಗೇ ಹೋಗುತ್ತದೆ ಎಂದು ಕಂಪನಿಗಳು ವಾದಿಸುತ್ತಿದ್ದವು. 2021ರಲ್ಲಿ ಸುಪ್ರೀಂ ಕೋರ್ಟ್ ಕಹ್ಲೋನ್ ಪ್ರಕರಣದಲ್ಲಿ, ಆಸ್ತಿಗಾದ ನಷ್ಟದ ಭಾಗವನ್ನು, ಅಂದರೆ ಆಸ್ಪತ್ರೆ ಖರ್ಚು, ಹೋದ ಸಂಪಾದನೆ ಇಂಥದ್ದನ್ನು, ವಾರಸುದಾರರು ಮುಂದುವರಿಸಬಹುದು ಎಂದಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಲ್ಲಿ 166ನೇ ಕಲಮಿಗೆ ಸೇರಿದ 5ನೇ ಉಪಕಲಂ ಇನ್ನೂ ಸ್ಪಷ್ಟ: ಸಾವಿಗೂ ಗಾಯಕ್ಕೂ ಸಂಬಂಧ ಇರಲಿ, ಇಲ್ಲದಿರಲಿ, ಪರಿಹಾರ ಕೇಳುವ ಹಕ್ಕು ವಾರಸುದಾರರಿಗೆ ಉಳಿಯುತ್ತದೆ. ಆದರೆ ಸುಮ್ಮನೆ ಕೂರಬಾರದು. ಸಾವಾದ 90 ದಿನದೊಳಗೆ ಹೆಸರು ಸೇರಿಸಲು ಅರ್ಜಿ ಹಾಕಿಬಿಡಿ. ತಡವಾದರೆ ಕಾರಣ ಹೇಳಿ ಕ್ಷಮೆ ಕೇಳುವ ದಾರಿಯೂ ಇದೆ.

ಅಪಘಾತದಿಂದಲೇ ಸಾವಾದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಆಗ ಬರುವ ದುಡ್ಡಿನ ಬಹುಭಾಗ ಸತ್ತವರ ಆಸ್ತಿಯೇ ಅಲ್ಲ. ಅವರನ್ನು ನಂಬಿಕೊಂಡಿದ್ದವರಿಗೆ ಆದ ನಷ್ಟಕ್ಕೆ ನೇರವಾಗಿ ಕೊಡುವ ದುಡ್ಡು. ಹಾಗಾಗಿ ಸಮ ಪಾಲು ಎಂಬ ನಿಯಮವಿಲ್ಲ. ಯಾರಿಗೆ ಎಷ್ಟು ಎಂದು ನ್ಯಾಯಮಂಡಳಿ ಹೇಳುತ್ತದೆ. ಚಿಕ್ಕ ಮಕ್ಕಳಿಗೆ, ವಿಧವೆಗೆ ಜಾಸ್ತಿ ಸಿಗಬಹುದು. ಸತ್ತವರಿಗೆ ಸಾಲ ಕೊಟ್ಟವರು ಈ ಭಾಗದ ಮೇಲೆ ಕೈ ಹಾಕುವ ಹಾಗಿಲ್ಲ. ಸತ್ತವರ ಜೊತೆಯಲ್ಲಿದ್ದ ಅತ್ತೆಯನ್ನೂ (ಹೆಂಡತಿಯ ತಾಯಿ) 2021ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಕ್ಕುದಾರರ ಪಟ್ಟಿಗೆ ಸೇರಿಸಿದೆ. ಮದುವೆಯಾದ ಮಗಳು ಕ್ಲೇಮು ಹಾಕಬಹುದು ಎಂದು 2007ರಲ್ಲಿ, ದುಡಿಯುವ ದೊಡ್ಡ ಮಗನೂ ಹಾಕಬಹುದು ಎಂದು 2020ರಲ್ಲಿ ಹೇಳಿದೆ.

ತೋಟದ ಕೆಲಸದಲ್ಲೇ ಸಾವಾದರೆ ಮೊದಲು 1923ರ ನೌಕರರ ಪರಿಹಾರ ಕಾಯ್ದೆ ಇತ್ತು, 2025ರ ನವೆಂಬರ್‌ನಿಂದ ಅದರ ಜಾಗದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಇದೆ. ಅದರಲ್ಲಿ ಮಾಲೀಕರು ದುಡ್ಡನ್ನು ಸಕ್ಷಮ ಪ್ರಾಧಿಕಾರದ ಬಳಿ ಠೇವಣಿ ಇಡಬೇಕು. ಮನೆಗೆ ಬಂದು ಕೈಗೆ ಒಂದಿಷ್ಟು ಕೊಟ್ಟು ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಪರಿಹಾರ ತೀರಿದಂತೆ ಆಗುವುದಿಲ್ಲ. ಮುಸ್ಲಿಂ ಮನೆಗಳಲ್ಲಿ ಪಾಲಿನ ಲೆಕ್ಕ ಬೇರೆ: ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು, ಉಳಿದದ್ದರಲ್ಲಿ ಮಗನಿಗೆ ಮಗಳ ಎರಡರಷ್ಟು.

ಮತ್ತೆ ನಿಮ್ಮ ಮನೆಗೆ ಬರುತ್ತೇನೆ. ವಕೀಲರ ಫೀಸಿನ ಚಿಂತೆ ಇದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ. ನೀವು, ಚಿಕ್ಕಮ್ಮ, ಅಜ್ಜಿ, ತಮ್ಮ, ನಾಲ್ವರೂ ಅದರಲ್ಲಿ ಬರುತ್ತೀರಿ. ಪಿರಿಯಾಪಟ್ಟಣದಿಂದಲೇ 15100ಕ್ಕೆ ಫೋನ್ ಮಾಡಿ ಕೇಳಬಹುದು. ಹೋಗುವಾಗ ಅಪ್ಪನ ಮರಣ ಪ್ರಮಾಣಪತ್ರ, ಲೋಕ ಅದಾಲತ್ ಅವಾರ್ಡಿನ ನಕಲು, ನಾಲ್ವರ ಆಧಾರ್, ತಮ್ಮನ ಜನನ ಪ್ರಮಾಣಪತ್ರ ಅಥವಾ ಶಾಲೆಯ ದಾಖಲೆ, ನೀವು ಅವರ ಮಗಳು ಎಂದು ತೋರಿಸುವ ಮಾರ್ಕ್ಸ್ ಕಾರ್ಡ್, ಇಷ್ಟು ಇಟ್ಟುಕೊಳ್ಳಿ. ಅವಾರ್ಡಿನ ನಕಲು ಚಿಕ್ಕಪ್ಪ ಕೊಡದಿದ್ದರೆ ಅವರನ್ನು ಬೇಡಿಕೊಳ್ಳುವುದು ಬೇಡ. ಕೋರ್ಟಿನಲ್ಲೇ ಅರ್ಜಿ ಕೊಟ್ಟರೆ ದೃಢೀಕೃತ ನಕಲು ಸಿಗುತ್ತದೆ.

ಕೊನೆಗೆ ಅಜ್ಜಿಯ ಪಾಲು. ಇದನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಮಗನನ್ನು ಕಳಕೊಂಡ ವಯಸ್ಸಾದವರ ಹೆಬ್ಬೆಟ್ಟು ಪಡೆಯುವುದು ತುಂಬಾ ಸುಲಭ. ಅವರ ಕಾಲು ಪಾಲು ಅವರ ಹೆಸರಿನ ಖಾತೆಗೇ ಬೀಳಲಿ, ಪಾಸ್‌ಬುಕ್ ಅವರ ಹತ್ತಿರವೇ ಇರಲಿ. ಬದುಕಿರುವಾಗ ಅದನ್ನು ಯಾರಿಗೆ ಬೇಕಾದರೂ ಕೊಡಬಹುದು, ಚಿಕ್ಕಪ್ಪನಿಗೂ ಕೊಡಬಹುದು, ಅದು ಅವರ ಇಷ್ಟ. ವಿಲ್ ಇಲ್ಲದೆ ಹೋದರೆ ಅವರ ಮಕ್ಕಳಿಗೆ ಸಮನಾಗಿ ಹೋಗುತ್ತದೆ. ತೀರಿಕೊಂಡ ನಿಮ್ಮ ಅಪ್ಪನ ಲೆಕ್ಕದ ಪಾಲು ನಿಮಗೂ ತಮ್ಮನಿಗೂ ಬರುತ್ತದೆ. ಮುಂದಿನ ಸಲ ಸಿದ್ದಾಪುರಕ್ಕೆ ಹೋದಾಗ ಅಜ್ಜಿಯ ಹತ್ತಿರ ಕೂತು ಇದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ. ಈಗಾಗಲೇ ಯಾರಾದರೂ ಅವರಿಂದ ಯಾವುದಾದರೂ ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡಿದ್ದಾರಾ ಎಂದೂ ಕೇಳಿ. ಹಾಕಿಸಿಕೊಂಡಿದ್ದರೆ ವಕೀಲರಿಗೆ ಮೊದಲ ದಿನವೇ ತಿಳಿಸಿ.